ಹೀಥ್ರೋದಿಂದ ಮುಂದಿನ ರೈಲು, ಬಸ್ಸನ್ನು ಊರಿನಿಂದಲೇ ಬುಕ್ ಮಾಡುವ ಮುನ್ನ ಇದನ್ನು ಓದಿ

ಲಂಡನ್ನಿನ ಹೀಥ್ರೋ ಏರ್‌ಪೋರ್ಟಿನಲ್ಲಿ ಇಳಿದು ಅಲ್ಲಿಂದ ಬೇರೆ ಊರಿಗೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಗಳ ಬಾಣಂತನಕ್ಕೋ ಮಗನ ಕಾನ್ವೊಕೇಶನ್‌ಗೋ ಮೊದಲ ಸಲ ಹೊರಟಿರುವ ಅಪ್ಪ ಅಮ್ಮಂದಿರ ಟಿಕೆಟ್ ಮಾಡಿಸುತ್ತಿರುವವರು ದಯವಿಟ್ಟು ಪೂರ್ತಿ ಓದಿ. ವಿಮಾನ ಇಳಿಯುವ ಹೊತ್ತಿಗೆ ಸರಿಹೊಂದುತ್ತದೆ ಅಂತ ಟ್ರಾವೆಲ್ ವೆಬ್‌ಸೈಟ್ ತೋರಿಸುವ ರೈಲು ಟಿಕೆಟ್ಟನ್ನು ಮುಂಚೆಯೇ ಕೊಳ್ಳಬೇಡಿ. ನಮ್ಮ ದುಡ್ಡು ಹೋಯಿತು. ಅದಕ್ಕಿಂತ ಜಾಸ್ತಿ ಬೇಜಾರಾದದ್ದು ಅಮ್ಮ ಪಟ್ಟ ಕಷ್ಟಕ್ಕೆ.

ತಂಗಿ ಇರುವುದು ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ. ಅವಳ ಬಾಣಂತನಕ್ಕೆ ಅಮ್ಮನನ್ನು ಬಿಟ್ಟುಬರಲು ನಾನು ಜೊತೆಗೆ ಹೊರಟಿದ್ದೆ. ವಿಮಾನದ ಟಿಕೆಟ್ ಕೊಂಡ ವೆಬ್‌ಸೈಟೇ ಕೊನೆಯಲ್ಲಿ ಏರ್‌ಪೋರ್ಟಿನಿಂದ ಮುಂದಿನ ಪ್ರಯಾಣವನ್ನೂ ತೋರಿಸಿತು. ಮಧ್ಯಾಹ್ನ ಒಂದಕ್ಕೆ ವಿಮಾನ ಇಳಿಯುತ್ತದೆ, ಮೂರೂವರೆಗೆ ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ರೈಲು. ಪಕ್ಕದಲ್ಲಿ ಹಸಿರು ಟಿಕ್ ಗುರುತು, "ನಿಮ್ಮ ವಿಮಾನಕ್ಕೆ ಹೊಂದುತ್ತದೆ" ಎಂಬ ಸಾಲು. ಆ ಒಂದು ರೈಲಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಈ ಟಿಕೆಟ್ ನಡೆಯುವುದಿಲ್ಲ ಅಂತ ಆ ಪುಟದಲ್ಲಿ ಎಲ್ಲೂ ಇರಲಿಲ್ಲ. ಅದು ಇದ್ದದ್ದು ದುಡ್ಡು ಕಟ್ಟಿದ ಮೇಲೆ ಬಂದ ಪಿಡಿಎಫ್‌ನ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ.

ವಿಮಾನ ಒಂದು ಗಂಟೆಗೂ ಜಾಸ್ತಿ ತಡವಾಯಿತು. ಆಮೇಲೆ ಇಮಿಗ್ರೇಶನ್ ಸಾಲು. ಬ್ರಿಟನ್, ಯುರೋಪಿಯನ್ ಒಕ್ಕೂಟ, ಅಮೆರಿಕ, ಆಸ್ಟ್ರೇಲಿಯ, ಜಪಾನ್ ಹೀಗೆ ಕೆಲವು ದೇಶದವರು ಅಲ್ಲಿ ಪಾಸ್‌ಪೋರ್ಟನ್ನು ಯಂತ್ರದ ಮೇಲಿಟ್ಟು ಇ-ಗೇಟ್ ದಾಟಿ ಹೋಗುತ್ತಾರೆ. ಭಾರತದ ಪಾಸ್‌ಪೋರ್ಟಿಗೆ ಆ ಗೇಟ್ ಇಲ್ಲ. ನಾವು ಅಧಿಕಾರಿ ಕೂತಿರುವ ಕೌಂಟರಿನ ಸಾಲಿನಲ್ಲೇ ನಿಲ್ಲಬೇಕು. ಜೊತೆಗೆ ಎರಡು ಮೂರು ವಿಮಾನ ಇಳಿದಿದ್ದರೆ ಆ ಸಾಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಯಾರೂ ಹೇಳಲಾಗದು. ಅದಾದ ಮೇಲೆ ಲಗೇಜು. ಆಮೇಲೆ ಲಂಡನ್ನಿನ ಒಳಗೆ ಹೋಗಬೇಕು. ಹೀಥ್ರೋ ಇರುವುದು ಊರಿನ ಪಶ್ಚಿಮದ ಅಂಚಿನಲ್ಲಿ, ಯೂಸ್ಟನ್ ಇರುವುದು ನಡು ಊರಿನಲ್ಲಿ. ನೇರ ರೈಲಿಲ್ಲ. ಮಧ್ಯದಲ್ಲಿ ಇಳಿದು ಬದಲಾಯಿಸಬೇಕು, ದೊಡ್ಡ ಸೂಟ್‌ಕೇಸುಗಳ ಸಮೇತ. ಆ ವೆಬ್‌ಸೈಟ್ ಇದ್ಯಾವುದನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಯೂಸ್ಟನ್ ಮುಟ್ಟಿದಾಗ ನಾಲ್ಕೂವರೆ ದಾಟಿತ್ತು. ನಿಲ್ದಾಣದ ಸಿಬ್ಬಂದಿ ಟಿಕೆಟ್ ನೋಡಿ ತಲೆ ಅಲ್ಲಾಡಿಸಿದರು. "ಏನಂತೆ ಕಣೋ? ಟಿಕೆಟ್ ಇದೆಯಲ್ಲ ನಮ್ಮ ಹತ್ರ?" ಅಂತ ಅಮ್ಮ ಕೇಳಿದರು. ಆ ಮನುಷ್ಯ ಒರಟಾಗಿ ಮಾತಾಡಲಿಲ್ಲ, ನಿಧಾನವಾಗಿ ಬಿಡಿಸಿ ಹೇಳಿದರು. ಒಂದು ರೈಲು ತಡವಾಗಿ ಮುಂದಿನ ರೈಲು ತಪ್ಪಿದ್ದರೆ, ಅದೇ ಟಿಕೆಟ್ಟಿನಲ್ಲಿ ಬೇರೆ ರೈಲು ಹತ್ತಲು ಬಿಡುತ್ತಾರೆ. ವಿಮಾನ ತಡವಾಗಿದ್ದು ರೈಲ್ವೆಯ ಲೆಕ್ಕಕ್ಕೆ ಬರುವುದಿಲ್ಲ. ಹೊಸ ಟಿಕೆಟ್ ಕೊಳ್ಳಲೇಬೇಕು. ವಾರದ ದಿನದ ಸಂಜೆಯ ಜನದಟ್ಟಣೆ ಹೊತ್ತಾದ್ದರಿಂದ ಅಗ್ಗದ ಟಿಕೆಟ್ಟೂ ನಡೆಯದು. ಮೊದಲು ಕೊಟ್ಟದ್ದರ ಹಲವು ಪಟ್ಟು ಕೊಟ್ಟು ಹೊಸದು ಕೊಂಡೆವು. ರಾತ್ರಿಯಿಡೀ ನಿದ್ದೆ ಇಲ್ಲದೆ ಬಂದಿದ್ದ ಅಮ್ಮ ಅಷ್ಟು ಹೊತ್ತೂ ಸೂಟ್‌ಕೇಸಿನ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದರು.

ಟಿಕೆಟ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಲ್ಲ ತೊಂದರೆಯೂ ಇಲ್ಲೇ ಇರುವುದು. ಬ್ರಿಟನ್ನಿನಲ್ಲಿ ಮುಖ್ಯವಾಗಿ ಮೂರು ಬಗೆ. ಅಡ್ವಾನ್ಸ್ ಟಿಕೆಟ್ ಅಗ್ಗ, ಆದರೆ ಬರೆದಿರುವ ರೈಲಿಗೆ ಮಾತ್ರ. ರೈಲು ತಪ್ಪಿದರೆ ಅದು ಬರೀ ಕಾಗದ. ಆಫ್-ಪೀಕ್ ಟಿಕೆಟ್ಟಿನಲ್ಲಿ ದಟ್ಟಣೆ ಇಲ್ಲದ ಹೊತ್ತಿನ ಯಾವ ರೈಲಾದರೂ ಸರಿ. ಎನಿಟೈಮ್ ಹೆಸರೇ ಹೇಳುವಂತೆ ಯಾವಾಗ ಬೇಕಾದರೂ, ಆದರೆ ತುಂಬ ದುಬಾರಿ. ದೂರದ ವಿಮಾನದಲ್ಲಿ ಬಂದು ಅದೇ ದಿನ ಮುಂದೆ ಹೋಗುವವರಿಗೆ ಆಫ್-ಪೀಕ್ ಸರಿಯಾದದ್ದು ಅಂತ ನನ್ನ ಅಭಿಪ್ರಾಯ. ಸಂಜೆ ಯಾವ ಹೊತ್ತಿನಲ್ಲಿ ಅದು ನಡೆಯುವುದಿಲ್ಲ ಅಂತ ಮೊದಲೇ ನೋಡಿಕೊಳ್ಳಿ, ಮಾರ್ಗದಿಂದ ಮಾರ್ಗಕ್ಕೆ ಬೇರೆ ಇರುತ್ತದೆ. ಎಷ್ಟೋ ಮಾರ್ಗಗಳಲ್ಲಿ ಅಡ್ವಾನ್ಸ್ ಟಿಕೆಟ್ ಅದೇ ದಿನವೂ ಸಿಗುತ್ತದೆ. ಲಗೇಜು ಕೈಗೆ ಬಂದ ಮೇಲೆ ಕೊಂಡರೆ ಏನೂ ಕಳೆದುಕೊಳ್ಳುವುದಿಲ್ಲ, ಅಲ್ವಾ?

ಕೊಳ್ಳುವುದಾದರೆ ರೈಲು ಕಂಪನಿಗಳ ಸ್ವಂತ ವೆಬ್‌ಸೈಟಿನಲ್ಲೇ ಕೊಳ್ಳಿ. ಅವರು ಬುಕಿಂಗ್ ಶುಲ್ಕ ಹಾಕುವುದಿಲ್ಲ, ಒಂದೇ ಕಂಪನಿಯ ಸೈಟಿನಲ್ಲಿ ಬೇರೆ ಕಂಪನಿಗಳ ಟಿಕೆಟ್ಟೂ ಸಿಗುತ್ತದೆ. ನಾವು ಕೊಂಡ ಕಡೆ ಸೇವಾ ಶುಲ್ಕ ಬೇರೆ, ರೂಪಾಯಿಗೆ ಬದಲಾಯಿಸಿದ ದರವೂ ಬ್ಯಾಂಕಿನದಕ್ಕಿಂತ ಜಾಸ್ತಿ. ಮನೆಯಲ್ಲಿ 60 ದಾಟಿದವರಿದ್ದರೆ ಸೀನಿಯರ್ ರೈಲ್‌ಕಾರ್ಡ್ ನೋಡಿ. ಹೊರದೇಶದವರೂ ಕೊಳ್ಳಬಹುದು. ಹೆಚ್ಚಿನ ಟಿಕೆಟ್‌ಗಳಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಕೆಲವು ತಿಂಗಳು ಇದ್ದು ಅಲ್ಲಿ ಇಲ್ಲಿ ಓಡಾಡುವ ಅಮ್ಮಂದಿರಿಗೆ ಇದು ನಿಜಕ್ಕೂ ಉಪಯೋಗ.

ಹೀಥ್ರೋದಿಂದ ಲಂಡನ್ನಿನ ಒಳಗೆ ಹೋಗಲು ಮುಂಗಡ ಟಿಕೆಟ್ ಬೇಕಾಗಿಯೇ ಇಲ್ಲ. ಹೀಥ್ರೋ ಎಕ್ಸ್‌ಪ್ರೆಸ್ ರೈಲು ಕಾಲು ಗಂಟೆಯಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣ ಮುಟ್ಟಿಸುತ್ತದೆ, ಆದರೆ ಅಲ್ಲೇ ಕೊಂಡರೆ ತುಂಬ ದುಬಾರಿ. ಎಲಿಜಬೆತ್ ಲೈನ್ ಎಂಬ ರೈಲು ಅದೇ ಪ್ಯಾಡಿಂಗ್ಟನ್ ದಾಟಿ ಊರಿನ ನಡುವಿಗೆ ಹೋಗುತ್ತದೆ, ದರವೂ ಎಷ್ಟೋ ಕಡಿಮೆ. ಪಿಕಾಡಿಲಿ ಲೈನ್ ಎಂಬ ಮೆಟ್ರೋ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ನಿಧಾನ. ಈ ಎರಡರಲ್ಲೂ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿ ಒಳಗೆ ಹೋಗಬಹುದು. ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ದಾಟುವಂತಿಲ್ಲ.

ನಮ್ಮ ಕಾರ್ಡ್ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು, ಕಾಂಟ್ಯಾಕ್ಟ್‌ಲೆಸ್ (ಕಾರ್ಡ್ ತಾಗಿಸಿ ದುಡ್ಡು ಕಟ್ಟುವುದು) ಎರಡೂ ಮೊದಲಿಗೆ ಬಂದ್ ಆಗಿರುತ್ತವೆ. ಬ್ಯಾಂಕ್ ಆ್ಯಪಿನಲ್ಲಿ ಅವನ್ನು ಊರಲ್ಲೇ ಆನ್ ಮಾಡಿಕೊಳ್ಳಿ. ಆನ್‌ಲೈನಿನಲ್ಲಿ ಕೊಳ್ಳುವಾಗ ಒಟಿಪಿ ಬರುವುದು ನಮ್ಮ ಸಿಮ್ಮಿಗೆ. ರೋಮಿಂಗ್ ಇಲ್ಲದಿದ್ದರೆ ಬರುವುದೇ ಇಲ್ಲ. ಏರ್‌ಪೋರ್ಟಿನ ವೈಫೈ ಇದ್ದರೂ, ಡೇಟಾಗೆ ಮಾತ್ರ ಇರುವ ಇ-ಸಿಮ್ ಇದ್ದರೂ ಅದಕ್ಕೆ ಉಪಯೋಗವಿಲ್ಲ.

ಬಸ್ಸಿನ ಮಾತಿಗೆ ಬರೋಣ. ಲಗೇಜು ಜಾಸ್ತಿ, ಜೊತೆಗೆ ವಯಸ್ಸಾದವರು ಅಂದರೆ ಅಲ್ಲಿ ಕೋಚ್ ಎನ್ನುವ ದೂರದ ಬಸ್ಸೇ ನನಗೆ ಮೇಲು ಅನ್ನಿಸುತ್ತದೆ. ಟರ್ಮಿನಲ್ 2 ಮತ್ತು 3ರ ಹತ್ತಿರ ಹೀಥ್ರೋ ಸೆಂಟ್ರಲ್ ಬಸ್ ನಿಲ್ದಾಣವಿದೆ. ಅಲ್ಲಿಂದ ಕಾವೆಂಟ್ರಿ, ಬರ್ಮಿಂಗ್‌ಹ್ಯಾಮ್, ಆಕ್ಸ್‌ಫರ್ಡ್ ಮುಂತಾದ ಊರುಗಳಿಗೆ ನೇರ ಕೋಚ್ ಇದೆ. ಲಂಡನ್ನಿನ ಒಳಗೆ ಹೋಗುವ ಕೆಲಸವೇ ಇಲ್ಲ. ಆ ವೆಬ್‌ಸೈಟ್ ನಮಗೆ ಇದನ್ನು ತೋರಿಸಲೇ ಇಲ್ಲ ಅನ್ನುವುದೇ ನನಗೆ ಇನ್ನೂ ಸಿಟ್ಟು. ಇಲ್ಲೂ ಅಗ್ಗದ ಟಿಕೆಟ್ ಒಂದೇ ಬಸ್ಸಿಗೆ ಇರಬಹುದು. ವಿಮಾನ ತಡವಾದರೆ ಮುಂದಿನ ಬಸ್ಸಿಗೆ ಬಿಡುತ್ತಾರೋ ಇಲ್ಲವೋ ಅಂತ ಷರತ್ತು ಓದಿ, ಹಾಗೆ ಬಿಡುವ ಟಿಕೆಟ್ಟಿಗೆ ಸ್ವಲ್ಪ ಜಾಸ್ತಿ ಆದರೂ ಕೊಡಿ.

ಏರ್‌ಪೋರ್ಟಿನ ಹೆಸರನ್ನೂ ಸರಿಯಾಗಿ ನೋಡಿ. ಲಂಡನ್ ಎಂಬ ಹೆಸರಿನಲ್ಲಿ ಹೀಥ್ರೋ, ಗ್ಯಾಟ್ವಿಕ್, ಸ್ಟಾನ್‌ಸ್ಟೆಡ್, ಲೂಟನ್, ಸಿಟಿ, ಸೌತೆಂಡ್ ಅಂತ ಆರು ವಿಮಾನ ನಿಲ್ದಾಣಗಳಿವೆ, ಒಂದಕ್ಕೂ ಇನ್ನೊಂದಕ್ಕೂ ತುಂಬ ದೂರ. ಡಿಸೆಂಬರ್ 25ಕ್ಕೆ ಇಳಿಯುವವರು ರೈಲನ್ನು ನಂಬಬೇಡಿ, ಅಂದು ಬ್ರಿಟನ್ನಿನಲ್ಲಿ ರೈಲು ಓಡುವುದಿಲ್ಲ ಅಂದರೂ ಸರಿ. ತಪ್ಪು ಟಿಕೆಟ್ಟಿನಲ್ಲಿ ಹೇಗೋ ಹತ್ತಿ ಕೂರುವ ಧೈರ್ಯವೂ ಬೇಡ. ಇಂಗ್ಲೆಂಡಿನಲ್ಲಿ 2023ರಿಂದ ಪೆನಾಲ್ಟಿ ದರ 100 ಪೌಂಡ್, ಟಿಕೆಟ್ಟಿನ ದುಡ್ಡು ಬೇರೆ. 21 ದಿನದೊಳಗೆ ಕಟ್ಟಿದರೆ ಆ ನೂರು ಐವತ್ತಕ್ಕೆ ಇಳಿಯುತ್ತದೆ.

ದುಡ್ಡು ವಾಪಸ್ ಕೇಳಿದ್ದಕ್ಕೆ ವೆಬ್‌ಸೈಟಿನವರು ರೈಲು ಕಂಪನಿಯನ್ನು ಕೇಳಿ ಎಂದರು. ಕಂಪನಿಯವರು ಕೊಂಡ ಕಡೆಯೇ ಕೇಳಿ ಎಂದರು. ಅಡ್ವಾನ್ಸ್ ಟಿಕೆಟ್ಟಿಗೆ ದುಡ್ಡು ವಾಪಸ್ ಇಲ್ಲ ಎಂಬ ನಿಯಮದ ಬಗ್ಗೆ ನನ್ನ ತಕರಾರಿಲ್ಲ. ವಿಮಾನಕ್ಕೆ ಹೊಂದುತ್ತದೆ ಅಂತ ಹೇಳಿ ಅದನ್ನು ಮಾರಿದ್ದೇ ನನ್ನ ತಕರಾರು. ಆ ಪುಟದ ಸ್ಕ್ರೀನ್‌ಶಾಟ್ ಇಟ್ಟು ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ, ಇನ್ನೂ ತೀರ್ಮಾನವಾಗಿಲ್ಲ.

ನೀವು ಈಗಾಗಲೇ ಇಂಥ ಟಿಕೆಟ್ ಕೊಂಡಿದ್ದರೆ ಗಾಬರಿಯಾಗಬೇಡಿ. ರೈಲು ಹೊರಡುವ ಮುಂಚೆ ಅಡ್ವಾನ್ಸ್ ಟಿಕೆಟ್ಟಿನ ಸಮಯ ಬದಲಾಯಿಸಿಕೊಳ್ಳಬಹುದು. ಸಾಮಾನ್ಯವಾಗಿ 10 ಪೌಂಡ್ ತನಕ ಶುಲ್ಕ, ಜೊತೆಗೆ ದರದ ವ್ಯತ್ಯಾಸ ಕಟ್ಟಬೇಕು. ಅದನ್ನು ಕೊಂಡ ಕಡೆಯೇ ಮಾಡಿಸಬೇಕು. ಹಾಗಾಗಿ ಟಿಕೆಟ್ಟಿನ ಲಾಗಿನ್ ವಿವರವನ್ನು ಅಲ್ಲಿ ಕಾಯುತ್ತಿರುವ ಮಗನಿಗೋ ಮಗಳಿಗೋ ಮೊದಲೇ ಕಳಿಸಿಡಿ. ನೀವು ಇಮಿಗ್ರೇಶನ್ ಸಾಲಿನಲ್ಲಿ ಸಿಕ್ಕಿಕೊಂಡಿದ್ದರೂ ಅವರು ಮನೆಯಿಂದಲೇ ಬದಲಾಯಿಸುತ್ತಾರೆ.