ಕೊಡಾಕ್ರೋಮ್ ರೋಲನ್ನು ಇ-6 ಕಿಟ್‌ಗೆ ಹಾಕಬ್ಯಾಡ್ರಿ

ಟ್ರಂಕಿನಲ್ಲಿ ಹಳೇ ಸ್ಲೈಡ್ ರೋಲು ಸಿಕ್ಕರೆ, ತೊಳೆಯೋ ಮೊದಲು ಡಬ್ಬಿ ಮೇಲೆ ಏನು ಬರೆದಿದೆ ನೋಡ್ರಿ. ನಾನೂ ನೋಡಿದ್ದೆ, ಕೆ-14 ಅಂತಿತ್ತು. ಅದು ಕೊಡಾಕ್ರೋಮ್ ತೊಳೆಯೋ ವಿಧಾನ, ಇ-6 ಬೇರೆ ಸ್ಲೈಡ್ ಫಿಲ್ಮ್‌ಗಳದ್ದು. ಓದಿಯೂ ಇ-6 ಕಿಟ್‌ಗೆ ಹಾಕಿ ಕೆಡಿಸಿದೆ.

ಕಾಕಾ ದುಬೈನಿಂದ ತಂದಿದ್ದ ಕೊಡಾಕ್ರೋಮ್ 64, ಕೊಡಾಕ್ ಕಂಪನಿಯ ಸ್ಲೈಡ್ ಫಿಲ್ಮ್. ಶರಣಬಸವೇಶ್ವರ ಜಾತ್ರೆಯ ತೇರು, ಅಂಗಳದಾಗ ರೊಟ್ಟಿ ಬಡಿಯೋ ಆಯಿ, ಎಲ್ಲಾ ಅದರಲ್ಲಿತ್ತಂತೆ. ತೊಳೆಸೋಕೆ ಕಳಿಸಬೇಕು ಅಂತ ಇಟ್ಟದ್ದು ಹಾಗೇ ಉಳಿದಿತ್ತು.

ಬೇರೆ ಸ್ಲೈಡ್ ಫಿಲ್ಮ್‌ಗಳಲ್ಲಿ ಬಣ್ಣ ಹುಟ್ಟಿಸೋ ಕಪ್ಲರ್ ಅನ್ನೋ ರಾಸಾಯನಿಕ ಪದರದೊಳಗೇ ಇರುತ್ತೆ. ಕೊಡಾಕ್ರೋಮ್‌ನಲ್ಲಿ ಇಲ್ಲ, ಅದು ಚಿತ್ರ ಮೂಡಿಸೋ ಡೆವಲಪರ್ ದ್ರಾವಣದಲ್ಲಿ ಬರಬೇಕು. ಬೆನ್ನ ಕಡೆಯಿಂದ ಕೆಂಪು ಬೆಳಕು ಕೊಟ್ಟು ಸಯಾನ್ ಡೆವಲಪರ್, ಮುಂದಿನಿಂದ ನೀಲಿ ಬೆಳಕು ಕೊಟ್ಟು ಹಳದಿ, ನಡುವೆ ಉಳಿದ ಪದರಕ್ಕೆ ಮಜೆಂಟಾ. ಈ ಕೆಲಸ ಮಾಡುತ್ತಿದ್ದ ಕೊನೆಯ ಲ್ಯಾಬ್, ಅಮೆರಿಕದ ಕಾನ್ಸಸ್‌ನದ್ದು, 2010ರ ಡಿಸೆಂಬರ್‌ಗೆ ರೋಲು ತಗೊಳ್ಳೋದು ನಿಲ್ಲಿಸಿತು.

ಕಿಟ್ ಮಾರಿದವನು ಫೋನಿನಲ್ಲಿ, "ಸ್ಲೈಡ್ ಎಲ್ಲಾ ಒಂದೇ ಸರ್. ನಡುವೆ ಕೆಂಪು, ನೀಲಿ ಲೈಟ್ ಕೊಡಿ, ಬಣ್ಣ ಬರುತ್ತೆ" ಅಂದ. ಆಸೆ ಕೆಟ್ಟದ್ದು ನೋಡ್ರಿ. ಗಣಪತಿ ಪೆಂಡಾಲಿಗೆ ಹಾಕೋ ಬಣ್ಣದ ಬಲ್ಬು ತಂದೆ. ಇ-6ಗೆ 38 ಡಿಗ್ರಿ ಬೇಕು, ಎಲ್ಲರೂ ನೀರು ಕಾಯಿಸ್ತಾರೆ. ಮೇ ತಿಂಗಳ ಕಲಬುರಗಿಯಲ್ಲಿ ನಾನು ಮಾಳಿಗೆ ಟ್ಯಾಂಕಿನ ನೀರಿಗೆ ಐಸ್ ಹಾಕಿ ಇಳಿಸಿದೆ!

ಮೊದಲ ಡೆವಲಪರ್ ಹೊರಗೆ ಸುರಿದರೆ ಮಸಿಯಂಗೆ ಕರ್ರಗೆ ಬಂತು, ಮೋರಿ ತುಂಬ ಕಪ್ಪು ಚೂರು. ಅದು ರೆಮ್‌ಜೆಟ್, ಫಿಲ್ಮ್‌ನ ಬೆನ್ನಿಗಿರೋ ಕಾರ್ಬನ್ ಪದರ. ಇ-6 ಫಿಲ್ಮ್‌ಗೆ ಅದು ಇರೋದಿಲ್ಲ. ಅಲ್ಲೇ ನಿಲ್ಲಿಸಿ, ಚಿತ್ರವನ್ನು ಗಟ್ಟಿ ಮಾಡೋ ಫಿಕ್ಸರ್‌ಗೆ ಹಾಕಿದ್ದರೆ ಮಸುಕಾಗಿಯಾದರೂ ಕಪ್ಪು-ಬಿಳುಪು ನೆಗೆಟಿವ್ ಉಳಿಯೋದು. ನಾನು ಮುಂದುವರಿದೆ. ಕಪ್ಲರ್ ಇಲ್ಲದ್ದಕ್ಕೆ ಬಣ್ಣ ಹುಟ್ಟಲಿಲ್ಲ, ಚಿತ್ರವಾಗಿದ್ದ ಬೆಳ್ಳಿಯನ್ನೆಲ್ಲ ಬ್ಲಿಕ್ಸ್ (ಬ್ಲೀಚ್, ಫಿಕ್ಸರ್ ಎರಡೂ ಸೇರಿದ ದ್ರಾವಣ) ತಿಂದುಹಾಕಿತು. ರೀಲು ಬಿಚ್ಚಿದರೆ ಬರೀ ಪ್ಲಾಸ್ಟಿಕ್. ಅಂಚಿನ ಫ್ರೇಮ್ ನಂಬರ್ ಸಹ ಇಲ್ಲ.

ಕಾಕಾ ಕನ್ನಡಕ ಹಾಕ್ಕೊಂಡು ಪಟ್ಟಿಯನ್ನು ಕಿಟಕಿಗೆ ಹಿಡಿದು, "ತೇರು ಎಲ್ಲದಪಾ?" ಅಂದರು. ಮಾರಿದವನಿಗೆ ಫೋನ್ ಮಾಡಿದರೆ, ನಿಮ್ಮ ಟೆಂಪರೇಚರ್ ತಪ್ಪಿರಬೇಕು ಅಂದ.

ಟ್ರಂಕಿನಲ್ಲಿ ಇನ್ನೊಂದು ರೋಲು ಅದ. ಅದನ್ನು ಕಪ್ಪು-ಬಿಳುಪು ಡೆವಲಪರ್‌ನಲ್ಲೇ ತೊಳೀತೀನಿ. ಫಿಕ್ಸರ್ ಆದಮೇಲೆ ಅಡುಗೆ ಸೋಡಾದ ನೀರಿನಲ್ಲಿ ಅದ್ದಿ, ಬೆನ್ನಿನ ಕಪ್ಪನ್ನು ಮೆತ್ತನ ಬಟ್ಟೆಯಿಂದ ಒರೆಸಬೇಕು. ಹಳದಿ ಛಾಯೆ ಉಳಿಯುತ್ತೆ, ಸ್ಕ್ಯಾನ್‌ಗೆ ಅಡ್ಡಿಯಿಲ್ಲ. ಅದರಾಗ ಏನದ ಅಂತ ಕಾಕಾಗೂ ನೆನಪಿಲ್ಲ.