ಎದೆ ಭಾರ ಇಳಿಸೋ ಆಪರೇಷನ್: ಪ್ರಶ್ನೆಪತ್ರಿಕೆ ನಂದು, ಮಾರ್ಕ್ಸೂ ನಂದೇ

ಸ್ತನದ ಗಾತ್ರ ಕಡಿಮೆ ಮಾಡೋ ಆಪರೇಷನ್ ಆಗಿ 7 ತಿಂಗಳಾಯ್ತು, ಬೇಕಂತಲೇ ಇಷ್ಟು ದಿನ ಬಿಟ್ಟು ಬರೀತಿದೀನಿ. ಮನೆಗೆ ಬಂದ ದಿನಾನೇ ಬರೆದಿದ್ರೆ ಕಣ್ಮುಚ್ಚಿ ಐದು ಸ್ಟಾರ್ ಕೊಟ್ಬಿಡ್ತಿದ್ದೆ, ಎರಡನೇ ವಾರ ಬರೆದಿದ್ರೆ ಸಿಟ್ಟಲ್ಲಿ ಒಂದು. ಆಸ್ಪತ್ರೆ ಹೆಸರು ಹಾಕಲ್ಲ, ಬೆಂಗಳೂರಿನ ಒಂದು ದೊಡ್ಡ ಪ್ರೈವೇಟ್ ಆಸ್ಪತ್ರೆ ಅಂದ್ಕೊಳ್ಳಿ ಸಾಕು, ಯಾಕಂದ್ರೆ ನಾನು ಹೇಳ್ಬೇಕಾಗಿರೋದು ಯಾವ ಆಸ್ಪತ್ರೆಗೆ ಹೋದ್ರೂ ಉಪಯೋಗಕ್ಕೆ ಬರುತ್ತೆ.

ನಾನು ತುಮಕೂರಲ್ಲಿ ಹೈಸ್ಕೂಲ್ ಸೈನ್ಸ್ ಟೀಚರ್, ವಯಸ್ಸು 41, ಇಬ್ರು ಮಕ್ಕಳು. ಎರಡನೇ ಮಗು ಆದ್ಮೇಲೆ ಎದೆ ಭಾರ ಇಳೀಲೇ ಇಲ್ಲ. ಭುಜದ ಮೇಲೆ ಬ್ರಾ ಪಟ್ಟಿ ಕೂತು ಕೂತು ಹಳ್ಳ ಬಿದ್ದಿತ್ತು, ಬೆರಳಿಟ್ರೆ ಕೂರೋಷ್ಟು. ಐದನೇ ಪೀರಿಯಡ್ ಹೊತ್ತಿಗೆ ಕುತ್ತಿಗೆ ಹಿಡ್ಕೊಂಡು ಬಿಡೋದು. ಬೇಸಿಗೆ ಬಂತಂದ್ರೆ ಎದೆ ಕೆಳಗಿನ ಮಡಿಕೇಲಿ ಬೆವರು ನಿಂತು ಚರ್ಮ ಕೆಂಪಗಾಗಿ ಕಿತ್ತು ಬರ್ತಿತ್ತು, ಪೌಡರ್ ಹಾಕಿ ಹಾಕಿ ಸಾಕಾಗಿತ್ತು. ಮೂಳೆ ಡಾಕ್ಟರ್ ಕ್ಯಾಲ್ಸಿಯಂ ಕೊಟ್ರು, ಫಿಸಿಯೋಥೆರಪಿ ಕೊಟ್ರು, ಕುತ್ತಿಗೆ ಎಕ್ಸ್‌ರೇ ಮಾಡ್ಸಿದ್ರು, ಆದ್ರೆ ನಾಲ್ಕು ವರ್ಷದಲ್ಲಿ ಒಬ್ರಾದ್ರೂ ಎದೆ ಭಾರದ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ, ನಾಚಿಕೆ. ಕೊನೆಗೆ ಫಿಸಿಯೋಥೆರಪಿ ಹುಡುಗೀನೇ ಮೆಲ್ಲಗೆ ಅಂದ್ಳು, "ಮೇಡಂ, ಬೇಜಾರಾಗ್ಬೇಡಿ, ಇದಕ್ಕೆ ಆಪರೇಷನ್ ಇದೆ, ಒಂದ್ಸಲ ಪ್ಲಾಸ್ಟಿಕ್ ಸರ್ಜನ್ ಹತ್ರ ತೋರ್ಸಿ."

ಮೊದಲು ಹೋಗಿದ್ದು ಮೊಬೈಲಲ್ಲಿ ಆ್ಯಡ್ ಬರ್ತಿದ್ದ ಒಂದು ಕಾಸ್ಮೆಟಿಕ್ ಕ್ಲಿನಿಕ್‌ಗೆ. ಗಾಯದ ಗುರುತೇ ಇಲ್ಲ, ಬೆಳಿಗ್ಗೆ ಬಂದು ಸಂಜೆ ಹೋಗಿ ಅಂತ ಹಾಕಿದ್ರು. ಆಪರೇಷನ್ ಮಾಡೋರು ಯಾರು, ಏನು ಓದಿದಾರೆ ಅಂತ ಕೇಳಿದ್ದಕ್ಕೆ "ನಮ್ಮ ಟೀಮ್ ತುಂಬಾ ಎಕ್ಸ್‌ಪೀರಿಯೆನ್ಸ್ಡ್ ಮೇಡಂ" ಅಂದ್ರೇ ಹೊರತು ಹೆಸರು ಬಾಯಿಂದ ಬರ್ಲಿಲ್ಲ. ಅಲ್ಲಿಂದ ಎದ್ದು ಬಂದೆ. ಎಂಬಿಬಿಎಸ್, ಎಂಎಸ್ ಆದ್ಮೇಲೆ ಪ್ಲಾಸ್ಟಿಕ್ ಸರ್ಜರಿಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿರ್ಬೇಕು, ಮೆಡಿಕಲ್ ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಇರ್ಬೇಕು, ಇದನ್ನ ಬಾಯಿಬಿಟ್ಟು ಕೇಳೋಕೆ ಸಂಕೋಚ ಬೇಡ. ಸೀರೆ ತಗೊಳ್ಳೋವಾಗ ಜರಿ ಅಸಲೀನಾ ಅಂತ ಹತ್ತು ಸಲ ಕೇಳ್ತೀವಿ.

ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಹಳೇ ಕಿರುಪರೀಕ್ಷೆ ಪ್ರಶ್ನೆಪತ್ರಿಕೆ ಹಿಂಭಾಗದಲ್ಲಿ ನನ್ನ ಪ್ರಶ್ನೆ ಎಲ್ಲಾ ಬರ್ಕೊಂಡೆ, 14 ಆಯ್ತು. ಸರ್ಜನ್ ಆ ಹಾಳೆ ನೋಡಿ ನಕ್ಕು, ಕೊಡಿ ಮೇಡಂ ಅಂತ ಈಸ್ಕೊಂಡು ಅದ್ರ ಮೇಲೇ ಚಿತ್ರ ಬರೀತಾ ಒಂದೊಂದಕ್ಕೇ ಉತ್ತರ ಹೇಳಿದ್ರು. ಮುಕ್ಕಾಲು ಗಂಟೆ. ಈ ಆಸ್ಪತ್ರೇಲಿ ಫುಲ್ ಮಾರ್ಕ್ಸ್ ಬಿದ್ದಿದ್ದು ಅದೊಂದಕ್ಕೇ. ಗಂಡಸು ಡಾಕ್ಟರ್, ನಂಗೆ ಅದೇ ದೊಡ್ಡ ಹಿಂಜರಿಕೆ ಇತ್ತು. ಪರೀಕ್ಷೆ ಮಾಡೋವಾಗ, ಫೋಟೋ ತೆಗೆಯೋವಾಗ ಒಬ್ರು ನರ್ಸಮ್ಮ ಪಕ್ಕದಲ್ಲೇ ಇದ್ರು, ಒಂದ್ಸಲಾನೂ ಬಿಟ್ಟು ಹೋಗ್ಲಿಲ್ಲ.

ನನ್ನ ಮೊದಲನೇ ಭಯ ಮೊಲೆತೊಟ್ಟಿಂದು. ಕತ್ತರಿಸಿ ತೆಗೆದು ಆಮೇಲೆ ಅಂಟಿಸ್ತಾರಂತೆ ಅಂತ ಯಾರೋ ಹೇಳಿ ಹೆದರಿಸಿದ್ರು. ಸಾಮಾನ್ಯವಾಗಿ ಹಾಗಲ್ವಂತೆ. ತೊಟ್ಟಿಗೆ ರಕ್ತ, ನರ ಬರೋ ಒಂದು ಭಾಗಾನ ಕಾಂಡದ ತರ ಹಾಗೇ ಉಳಿಸ್ಕೊಂಡು, ಸುತ್ತಮುತ್ತಲಿನ ಕೊಬ್ಬು, ಗ್ರಂಥಿ, ಚರ್ಮ ತೆಗೆದು, ತೊಟ್ಟನ್ನ ಮೇಲಕ್ಕೆ ಸರಿಸ್ತಾರೆ. ನಮ್ಮ ಭಾಷೇಲಿ ಹೇಳ್ಬೇಕಂದ್ರೆ ಸಸಿ ಕಿತ್ತು ಇನ್ನೊಂದು ಕಡೆ ನೆಡೋದಲ್ಲ, ಬಳ್ಳಿ ಕಡೀದೇ ಚಪ್ಪರದ ಮೇಲಿನ ಗೂಟಕ್ಕೆ ಹತ್ತಿಸ್ದಂಗೆ. ತೀರಾ ದೊಡ್ಡದಿದ್ದು ತುಂಬಾ ಕೆಳಗೆ ಇಳಿದಿದ್ರೆ ಮಾತ್ರ ಕೆಲವರಿಗೆ ಬೇರ್ಪಡಿಸಿ ಗ್ರಾಫ್ಟ್, ಅಂದ್ರೆ ಕಸಿ ತರ ಮತ್ತೆ ಕೂರಿಸ್ಬೇಕಾಗುತ್ತಂತೆ, ಅವ್ರಿಗೆ ಸ್ಪರ್ಶ ಹೋಗುತ್ತೆ, ಹಾಲೂ ಬರಲ್ಲ.

ಹಾಲಿನ ಪ್ರಶ್ನೆ ನಂದಲ್ಲ, ನನ್ನ ನಾದಿನೀದು. ಅವ್ಳಿಗೂ ಇದೇ ಕಷ್ಟ, 26 ವರ್ಷ, ಇನ್ನೂ ಮದುವೆ ಆಗಿಲ್ಲ. ಡಾಕ್ಟರ್ ಗ್ಯಾರಂಟಿ ಕೊಡ್ಲಿಲ್ಲ. ಎಷ್ಟೋ ಜನ ಆಪರೇಷನ್ ಆದ್ಮೇಲೂ ಹಾಲು ಕುಡಿಸ್ತಾರೆ, ಕೆಲವರಿಗೆ ಸಾಕಾಗೋಷ್ಟು ಬರಲ್ಲ, ಕೆಲವರಿಗೆ ಬರೋದೇ ಇಲ್ಲ, ಹಾಲು ಕುಡಿಸೋದು ನಿಮಗೆ ಮುಖ್ಯ ಅಂದ್ರೆ ಮಕ್ಕಳಾದ್ಮೇಲೆ ಬನ್ನಿ, ಜೊತೆಗೆ ಬಸುರಿ ಆದಾಗ ಎದೆ ಮತ್ತೆ ಆಕಾರ ಬದಲಾಗುತ್ತೆ ಅಂದ್ರು. ನಾದಿನಿ ಕಾಯ್ತೀನಿ ಅಂತ ನಿರ್ಧಾರ ಮಾಡಿದಾಳೆ. ನಾನೇನೂ ಹೇಳಕ್ಕೆ ಹೋಗ್ಲಿಲ್ಲ, ಕುತ್ತಿಗೆ ಅವಳದು.

ಗುರುತು ಇರುತ್ತೆ. ಇದನ್ನ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ಅಲ್ಲೇ ಎದ್ದು ಬನ್ನಿ. ನಂಗೆ ಹಾಕಿದ್ದು ತಲೆಕೆಳಗು ಮಾಡಿದ ಟಿ ಆಕಾರದ ಹೊಲಿಗೆ, ತೊಟ್ಟಿನ ಸುತ್ತ ಒಂದು ರೌಂಡು, ಅಲ್ಲಿಂದ ನೆಟ್ಟಗೆ ಕೆಳಗೆ ಒಂದು ಗೆರೆ, ಮಡಿಕೇಲಿ ಅಡ್ಡಕ್ಕೆ ಒಂದು. ಕಡಿಮೆ ತೆಗೆಯೋರಿಗೆ ಅಡ್ಡ ಗೆರೆ ಇಲ್ದೇನೂ ಮಾಡ್ತಾರೆ, ಲಾಲಿಪಾಪ್ ಅಂತಾರೆ ಅದನ್ನ. ನಂದು ಮೊದಲ ಮೂರು ತಿಂಗಳು ಕೆಂಪಗೆ, ದಪ್ಪಗೆ, ನೋಡ್ಕೊಳ್ಳೋಕೇ ಬೇಜಾರಾಗೋ ಹಾಗಿತ್ತು, ಈಗ ಕಂದು ಬಣ್ಣಕ್ಕೆ ತಿರುಗಿದೆ. ಸಿಲಿಕೋನ್ ಜೆಲ್ ಹಚ್ತಿದೀನಿ. ಪೂರ್ತಿ ಮಾಸೋಕೆ ವರ್ಷದ ಮೇಲೆ ಬೇಕು, ಮಾಸಿದ್ರೂ ಅಳಿಸಿ ಹೋಗಲ್ಲ. ನಮ್ಮಂಥ ಚರ್ಮಕ್ಕೆ ಗಾಯದ ಗುರುತು ಉಬ್ಬಿ ಕೀಲಾಯ್ಡ್ ಆಗೋ ಚಾನ್ಸೂ ಇದೆ, ಕಿವಿ ಚುಚ್ಚಿಸ್ಕೊಂಡಾಗ ಗಂಟು ಕಟ್ಟಿದ್ರೆ ಮೊದಲೇ ಹೇಳಿ.

ಸೈಜ್ ವಿಷಯದಲ್ಲಿ ಡಾಕ್ಟರ್ ಜಾಣ. ಯಾವ ಸೈಜ್ ಆಗುತ್ತೆ ಅಂದ್ರೆ ನಂಬರ್ ಹೇಳಲ್ಲ ಅಂದ್ಬಿಟ್ರು, ಒಂದೊಂದು ಕಂಪನಿ ಬ್ರಾ ಸೈಜ್ ಒಂದೊಂದು ತರ, ನಿಮ್ಮ ಭುಜಕ್ಕೆ, ಸೊಂಟಕ್ಕೆ ಒಪ್ಪೋ ಹಾಗೆ ಮಾಡ್ತೀನಿ ಅಂದ್ರು. ಬಲಗಡೆ 620 ಗ್ರಾಂ, ಎಡಗಡೆ 560 ಗ್ರಾಂ ತೆಗೆದಿದಾರೆ, ಡಿಸ್ಚಾರ್ಜ್ ಸಮರಿಲಿ ಇದೆ. ಒಂದು ಕೆ.ಜಿ. ಚಿಲ್ಲರೆ, ಅಷ್ಟೇನಾ ಅಂತ ನಮ್ಮೆಜಮಾನ್ರು. ಒಂದು ಕೆ.ಜಿ. ಸಕ್ಕರೆ ಪ್ಯಾಕೆಟ್ ಕತ್ತಿಗೆ ನೇತು ಹಾಕ್ಕೊಂಡು ಇಡೀ ದಿನ ಕ್ಲಾಸ್ ತಗೊಳ್ಳಿ, ಆಮೇಲೆ ಮಾತಾಡೋಣ ಅಂದೆ.

40 ದಾಟಿದೆ ಅಂತ ಮೊದಲು ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮಾಡ್ಸಿದ್ರು, ರಕ್ತ, ಇಸಿಜಿ ಮಾಮೂಲಿ. ತೂಕ ಇಳಿಸ್ಬೇಕಾ ಅಂದ್ರೆ, ಇಳಿಸೋ ಯೋಚನೆ ಇದ್ರೆ ಮೊದಲೇ ಇಳಿಸಿ ಒಂದು ಮಟ್ಟಕ್ಕೆ ನಿಂತ ಮೇಲೆ ಬನ್ನಿ, ಆಮೇಲೆ ಇಳಿಸಿದ್ರೆ ಜೋಲುತ್ತೆ, ಆಮೇಲೆ ದಪ್ಪ ಆದ್ರೆ ಎದೇನೂ ದಪ್ಪ ಆಗುತ್ತೆ ಅಂದ್ರು. ಸಿಗರೇಟ್ ಸೇದ್ತೀರಾ ಅಂತ ಕೇಳಿದ್ದಕ್ಕೆ ನಂಗೆ ನಗು ಬಂತು, ಆದ್ರೆ ಮುಂದಿನ ಪ್ರಶ್ನೆ ಸರಿಯಾಗಿತ್ತು, ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತೀರಾ ಅಂತ. ನಿಕೋಟಿನ್ ಯಾವ ರೂಪದಲ್ಲಿ ಹೋದ್ರೂ ರಕ್ತನಾಳ ಕುಗ್ಗುತ್ತೆ, ಗಾಯ ಮಾಯಲ್ಲ, ತೊಟ್ಟೇ ಸತ್ತು ಹೋಗಬಹುದು, ಅದಕ್ಕೆ ಕನಿಷ್ಠ 4 ವಾರ ಮೊದಲು ಬಿಡಲೇಬೇಕಂತೆ. ನಮ್ಮ ಕಡೆ ಎಷ್ಟು ಹೆಂಗಸರು ಹಾಕ್ತಾರೆ, ಡಾಕ್ಟರ್ ಮುಂದೆ ಎಷ್ಟು ಜನ ಒಪ್ಕೋತಾರೆ.

ಈಗ ಬೈಗುಳದ ಭಾಗ. ಮೊದಲನೇದು ದುಡ್ಡು. ಸರ್ಜನ್ ರೂಮಿಂದ ಹೊರಗೆ ಬಂದ್ರೆ ಕೌನ್ಸೆಲರ್ ಅಂತ ಒಬ್ಬ ಹುಡುಗ, ಪ್ಯಾಕೇಜ್ 1,85,000 ಅಂದ. ಎಲ್ಲಾ ಸೇರಿ ತಾನೆ ಅಂದ್ರೆ ಎಲ್ಲಾ ಸೇರಿ ಮೇಡಂ ಅಂದ. ಬಿಲ್ ಬಂದಾಗ 18% ಜಿಎಸ್‌ಟಿ, ಅಂದ್ರೆ 33,300 ಎಕ್ಸ್‌ಟ್ರಾ. ಆಸ್ಪತ್ರೆ ಚಿಕಿತ್ಸೆಗೆ ಜಿಎಸ್‌ಟಿ ಇಲ್ವಲ್ಲ ಅಂತ ಜಗಳ ಆಡಿದೆ. ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿಗೆ ಆ ವಿನಾಯ್ತಿ ಇಲ್ಲ, ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯ ದೋಷ, ಏಟು ಬಿದ್ದಿದ್ದು ಸರಿಪಡಿಸೋಕೆ ಮಾಡಿದ್ರೆ ಮಾತ್ರ ವಿನಾಯ್ತಿ, ನಿಮ್ಮದು ಅದಕ್ಕೆ ಸೇರಲ್ಲ ಅಂದ್ರು. ಕಾನೂನು ಇರಬಹುದು ಸ್ವಾಮಿ, ಮೊದಲೇ ಹೇಳಕ್ಕೆ ಏನು ರೋಗ? ಮ್ಯಾಮೊಗ್ರಾಂ, ತೆಗೆದಿದ್ದನ್ನ ಕಳಿಸೋ ಬಯಾಪ್ಸಿ, ಸರ್ಜಿಕಲ್ ಬ್ರಾ ಎರಡು, ಇದ್ಯಾವುದೂ ಪ್ಯಾಕೇಜಲ್ಲಿ ಇರ್ಲಿಲ್ಲ. ಕೌನ್ಸೆಲರ್‌ಗೆ ಹತ್ತಕ್ಕೆ ಎರಡು. ಅದೂ ನೀರು ಕೊಟ್ಟ ಅಂತ.

ಇನ್ಶೂರೆನ್ಸ್ ಕ್ಯಾಶ್‌ಲೆಸ್ ರಿಜೆಕ್ಟ್. ಸಾಮಾನ್ಯವಾಗಿ ಪಾಲಿಸಿಗಳಲ್ಲಿ ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಮಾಡಿರೋ ಒಂದೇ ತರದ ಎಕ್ಸ್‌ಕ್ಲೂಷನ್ ಲಿಸ್ಟ್ (ಯಾವುದಕ್ಕೆ ದುಡ್ಡು ಕೊಡಲ್ಲ ಅನ್ನೋ ಪಟ್ಟಿ) ಇರುತ್ತೆ, ಅದ್ರಲ್ಲಿ ಕೋಡ್ 08 ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿ. ಆದ್ರೆ ಪೂರ್ತಿ ಓದಿ, ಆರೋಗ್ಯಕ್ಕೆ ನೇರವಾಗಿ ತಕ್ಷಣ ಅಪಾಯ ಇದ್ದು, ಟ್ರೀಟ್‌ಮೆಂಟ್ ಕೊಡೋ ಡಾಕ್ಟರ್ ಇದು ಅಗತ್ಯ ಅಂತ ಬರ್ಕೊಟ್ರೆ ಬೇರೆ ಅಂತ ಅದೇ ಷರತ್ತಲ್ಲಿ ಇದೆ. ಮೂಳೆ ಡಾಕ್ಟರ್ ಚೀಟಿ, ಫಿಸಿಯೋ ಬಿಲ್, ಚರ್ಮದ ಡಾಕ್ಟರ್ ಚೀಟಿ ಎಲ್ಲಾ ಜೋಡಿಸಿ ರೀಇಂಬರ್ಸ್‌ಮೆಂಟ್ ಹಾಕಿದೀನಿ, ಎರಡು ಸಲ ಕ್ವೆರಿ ಬಂತು, ಇನ್ನೂ ಓಡಾಡ್ತಿದೆ. ಕುತ್ತಿಗೆ ನೋವಿಗೆ ತೋರಿಸಿದ ಒಂದು ಚೀಟೀನೂ ಬಿಸಾಕ್ಬೇಡಿ.

ಇನ್ನೊಂದು, ಸಹಿ ಹಾಕ್ಸೋ ಫಾರಂಗಳ ಮಧ್ಯೆ ನಿಮ್ಮ ಫೋಟೋನ ಪ್ರಚಾರಕ್ಕೆ ಬಳಸ್ಕೋಬಹುದು ಅನ್ನೋ ಸಾಲಿಗೆ ಅವ್ರೇ ಟಿಕ್ ಹಾಕಿಟ್ಟಿದ್ರು. ಪೇಪರ್ ತಿದ್ದಿ ಅಭ್ಯಾಸ ನೋಡಿ, ಕಣ್ಣಿಗೆ ಬಿತ್ತು. ಕೆಂಪು ಪೆನ್ ಇರ್ಲಿಲ್ಲ, ನೀಲೀಲೇ ಅಡ್ಡ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕ್ದೆ.

ಆಪರೇಷನ್ ದಿನ ಬೆಳಿಗ್ಗೆ ನಿಲ್ಲಿಸ್ಕೊಂಡು ಮಾರ್ಕರ್ ಪೆನ್ನಲ್ಲಿ ಗೆರೆ ಎಳೀತಾರೆ, ಮಲಗಿದ್ರೆ ಎಲ್ಲಾ ಪಕ್ಕಕ್ಕೆ ಜಾರುತ್ತಲ್ಲ ಅದಕ್ಕೆ. ಆಮೇಲೆ ಪೂರ್ತಿ ಅರಿವಳಿಕೆ, ಮೂರು ಗಂಟೆ ಚಿಲ್ಲರೆ. ಎಚ್ಚರ ಆದಾಗ ಗಂಟಲು ಒಣಗಿತ್ತು, ಎರಡೂ ಕಡೆ ಸಣ್ಣ ಟ್ಯೂಬ್ ನೇತಾಡ್ತಿತ್ತು, ಅವನ್ನ ಮಾರನೇ ದಿನ ತೆಗೆದ್ರು. ನೋವು? ಸಿಸೇರಿಯನ್ ಆಗಿರೋರಿಗೆ ಹೇಳೋದಾದ್ರೆ ಅದಕ್ಕಿಂತ ಕಡಿಮೆ. ಎರಡನೇ ರಾತ್ರಿ ಡಿಸ್ಚಾರ್ಜ್ ಆಗಿ ತುಮಕೂರಿಗೆ ಕಾರಲ್ಲಿ ಬಂದಿದ್ದು 70 ಕಿ.ಮೀ., ಎದೆಗೂ ಸೀಟ್ ಬೆಲ್ಟಿಗೂ ಮಧ್ಯೆ ದಿಂಬು, ಪ್ರತಿ ಹಂಪ್‌ಗೂ ಎಜಮಾನ್ರನ್ನ ಬೈತಾ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕಟ್ಟಿಸ್ಕೊಂಡು ಬಂದ್ವಿ, ಅಷ್ಟು ರುಚಿ ಯಾವತ್ತೂ ಇರ್ಲಿಲ್ಲ.

ಮನೇಲಿ ಅತ್ತೆ. ದೇವರು ಕೊಟ್ಟಿದ್ದಕ್ಕೆ ಕತ್ರಿ ಹಾಕ್ಸ್ಕೊಂಡ್ಯಲ್ಲೇ ಅಂತ ಮೊದಲ ದಿನ, ಬದನೆಕಾಯಿ ನಂಜು ಮುಟ್ಬೇಡ ಅಂತ ಎರಡನೇ ದಿನದಿಂದ. ಡಾಕ್ಟರ್ ಪಥ್ಯ ಏನೂ ಹೇಳಿರ್ಲಿಲ್ಲ, ಪ್ರೋಟೀನ್ ಜಾಸ್ತಿ ತಿನ್ನಿ ಅಂದಿದ್ರು ಅಷ್ಟೇ. ಆದ್ರೂ ದಿನಾ ಹೆಸರುಕಾಳು ಮೊಳಕೆ ಕಟ್ಟಿ ಸಾರು ಮಾಡಿ, ನನ್ನ ತಲೆ ಬಾಚಿದ್ದೂ ಅವ್ರೇ, ಕೈ ಎತ್ತೋ ಹಾಗಿರ್ಲಿಲ್ವಲ್ಲ. ಆ ಬಾಯಿಗೂ ಆ ಕೈಗೂ ಸಂಬಂಧಾನೇ ಇಲ್ಲ.

12ನೇ ದಿನ ನೆಟ್ಟ ಗೆರೆ ಅಡ್ಡ ಗೆರೆಗೆ ಸೇರೋ ಜಾಗದಲ್ಲಿ ಹೊಲಿಗೆ ಸ್ವಲ್ಪ ಬಿಟ್ಕೊಂಡು ನೀರು ಒಸರೋಕೆ ಶುರು ಆಯ್ತು. ಆಸ್ಪತ್ರೆ ಹೆಲ್ಪ್‌ಲೈನ್‌ಗೆ ಫೋನ್ ಮಾಡಿದ್ರೆ ಮ್ಯೂಸಿಕ್, ಮತ್ತೆ ಮ್ಯೂಸಿಕ್, ಕೊನೆಗೆ ಯಾರೋ ಎತ್ತಿ ಯಾವ ಡಿಪಾರ್ಟ್‌ಮೆಂಟ್ ಅಂದ್ರು, ಹೇಳಿದ್ರೆ ನಾಳೆ ಒಪಿಡಿಗೆ ಬನ್ನಿ ಅಂದ್ರು. ಅಳು ಬಂತು ನಂಗೆ. ರಾತ್ರಿ 9 ಗಂಟೇಲಿ ಸರ್ಜನ್ ಪರ್ಸನಲ್ ನಂಬರ್‌ಗೆ ಮೆಸೇಜ್ ಹಾಕ್ದೆ, ಹತ್ತು ನಿಮಿಷಕ್ಕೆ ಫೋನ್ ಬಂತು, ಜ್ವರ ಇದ್ಯಾ, ವಾಸನೆ ಇದ್ಯಾ, ಸುತ್ತ ಕೆಂಪಗೆ ಬಿಸಿ ಇದ್ಯಾ ಅಂತ ಕೇಳಿದ್ರು. ಯಾವುದೂ ಇರ್ಲಿಲ್ಲ. ಎಳೆತ ಜಾಸ್ತಿ ಬೀಳೋ ಜಾಗ ಅದು, ಸುಮಾರು ಜನಕ್ಕೆ ಹೀಗಾಗುತ್ತೆ, ಡ್ರೆಸಿಂಗಲ್ಲೇ ಕೂಡ್ಕೊಳುತ್ತೆ ಅಂದ್ರು. ಕೂಡ್ಕೊಳ್ಳೋಕೆ ಮೂರು ವಾರ ಆಯ್ತು. ಇದು ಹೀಗಾಗಬಹುದು ಅಂತ ಡಿಸ್ಚಾರ್ಜ್ ಹಾಳೇಲಿ ಒಂದು ಸಾಲು ಬರೆದಿದ್ರೆ ನಾನು ಆ ರಾತ್ರಿ ಅಷ್ಟು ಸಾಯ್ತಿರ್ಲಿಲ್ಲ. ಹೆಲ್ಪ್‌ಲೈನ್‌ಗೆ ಸೊನ್ನೆ.

ಸ್ಕೂಲಿಗೆ ನಾಲ್ಕನೇ ವಾರಕ್ಕೆ ಹೋದೆ, ಕೂತ್ಕೊಂಡೇ ಪಾಠ. ಬೋರ್ಡ್ ಮೇಲೆ ಬರೆಯೋದು, ಸ್ಕೂಟಿ ಓಡ್ಸೋದು, ಕೊಡ ಎತ್ತೋದು ಆರು ವಾರ ಆದ್ಮೇಲೆ. ಅಷ್ಟೂ ದಿನ ರಾತ್ರಿ ಹಗಲು ಸರ್ಜಿಕಲ್ ಬ್ರಾ, ಅಂಗಾತ ಮಲಗೋದು. ಸ್ಪರ್ಶ ಎಡಗಡೆ ಬೇಗ ಬಂತು, ಬಲಗಡೆ ನಾಲ್ಕು ತಿಂಗಳು ಮರದ ತರ ಇದ್ದು ಈಗ ಜುಮ್ ಅನ್ನುತ್ತೆ, ಕೆಳಭಾಗ ಇನ್ನೂ ಮರಗಟ್ಟೇ ಇದೆ. ಕೆಲವರಿಗೆ ಬರೋದೇ ಇಲ್ಲ ಅಂತ ಮೊದಲೇ ಹೇಳಿದ್ರು, ಹಾಗಾಗಿ ದೂರಲ್ಲ.

ಸ್ಟಾಫ್ ರೂಮಲ್ಲಿ ಗಡ್ಡೆ ತೆಗ್ಸಿದ್ದು ಅಂತ ಹೇಳಿದೀನಿ. ನಿಜ ಹೇಳಿದ್ದು ಒಬ್ರಿಗೆ ಮಾತ್ರ, ಅವ್ರು ಬಾಗಿಲು ಹಾಕ್ಕೊಂಡು ಬಂದು ಡಾಕ್ಟರ್ ನಂಬರ್ ಈಸ್ಕೊಂಡು ಹೋದ್ರು. ಕ್ಯಾನ್ಸರ್ ಬರುತ್ತಾ ಅಂತ ಅವ್ರೂ ಕೇಳಿದ್ರು. ಆಪರೇಷನ್‌ನಿಂದ ಬರಲ್ಲ, ತೆಗೆದಿದ್ದನ್ನ ಲ್ಯಾಬ್‌ಗೆ ಕಳಿಸಿ ನೋಡ್ತಾರೆ, ನಂದು ನಾರ್ಮಲ್ ಬಂತು. ಆದ್ರೆ ಒಳಗೆ ಕೊಬ್ಬು ಗಟ್ಟಿಯಾಗಿ ಸಣ್ಣ ಗಂಟು ಆಗಬಹುದು, ಅದಕ್ಕೆ ಮುಂದೆ ಯಾವ ಸ್ಕ್ಯಾನ್‌ಗೆ ಹೋದ್ರೂ ಈ ಆಪರೇಷನ್ ಆಗಿದೆ ಅಂತ ಹೇಳ್ಬೇಕು.

ಭುಜದ ಹಳ್ಳ ಇನ್ನೂ ಪೂರ್ತಿ ತುಂಬಿಲ್ಲ, ಕುತ್ತಿಗೆ ನೋವು ಮಾತ್ರ ಆಪರೇಷನ್ ಆದ ವಾರದಿಂದಾನೇ ಹೋಯ್ತು. ಬ್ಲೌಸ್ ಹದಿನಾರು ಹಿಡಿಸ್ಬೇಕಿತ್ತು, ಟೈಲರ್ ಒಂದಕ್ಕೆ 80 ಕೇಳ್ದ, ಅದೂ ಪ್ಯಾಕೇಜಲ್ಲಿ ಇರ್ಲಿಲ್ಲ. ಸರ್ಜನ್‌ಗೆ ಹತ್ತಕ್ಕೆ ಒಂಬತ್ತೂವರೆ, ನರ್ಸ್‌ಗಳಿಗೆ ಒಂಬತ್ತು, ಉಳಿದ ಆಸ್ಪತ್ರೆ ಜಸ್ಟ್ ಪಾಸ್. ಮುಂದಿನ ತಿಂಗಳು ಹೊಸ ಮ್ಯಾಮೊಗ್ರಾಂ ಇದೆ, ಇನ್ಶೂರೆನ್ಸ್ ಉತ್ತರ ಅಷ್ಟರಲ್ಲಿ ಬಂದ್ರೆ ಎರಡನ್ನೂ ಇಲ್ಲೇ ಸೇರಿಸ್ತೀನಿ.