ಟಿಪ್ಸ್ ನಂಬಿ ದುಡಿಯುವವರಿಗೆ ನಿರುದ್ಯೋಗ ವಿಮೆ: ನೆವಾಡಾದ ಸೇವೆಯೊಂದರ ವಿಮರ್ಶೆ

ಅಮೆರಿಕದ ನೆವಾಡಾ ರಾಜ್ಯದಲ್ಲಿ ಹೆಚ್ಚುಕಡಿಮೆ ನಾಲ್ಕು ಉದ್ಯೋಗಗಳಲ್ಲಿ ಒಂದು ಹೋಟೆಲ್, ಕ್ಯಾಸಿನೊ, ಊಟ-ಉಪಚಾರ ಮತ್ತು ಮನರಂಜನೆಗೆ ಸೇರಿದ್ದು. ಲಾಸ್ ವೇಗಸ್ಸಿಗೆ ಬರುವ ವಿಮಾನಗಳು ಖಾಲಿಯಾದರೆ ಕೊಠಡಿ ಗುಡಿಸುವವರಿಂದ ಹಿಡಿದು ಸಮ್ಮೇಳನಗಳಿಗೆ ವೇದಿಕೆ ಕಟ್ಟುವವರ ತನಕ ಎಲ್ಲರ ಕೆಲಸಕ್ಕೂ ಒಂದೇ ವಾರದಲ್ಲಿ ಸಂಚಕಾರ ಬರುತ್ತದೆ. ಇಂಥ ರಾಜ್ಯ ತನ್ನ ಕಾರ್ಮಿಕರಿಗೆ ಒದಗಿಸುವ ನಿರುದ್ಯೋಗ ಭತ್ಯೆಯನ್ನೂ ಮರುತರಬೇತಿಯನ್ನೂ, ಬೇರೆ ಯಾವುದೇ ಸೇವೆಯನ್ನು ನೋಡುವ ಹಾಗೆ, ಬಳಸುವವರ ಕಡೆಯಿಂದ ತೂಗಿ ನೋಡುವುದು ಈ ಬರಹದ ಉದ್ದೇಶ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಸೇವೆ ಕೆಲಸ ಹೋದವರನ್ನು ಅದೇ ಉದ್ಯಮಕ್ಕೆ ಮರಳಿಸುವುದರಲ್ಲಿ ಚೆನ್ನಾಗಿದೆ, ಆ ಉದ್ಯಮದಿಂದ ಹೊರಗೆ ಹೋಗಬೇಕೆನ್ನುವವರಿಗೆ ಅಷ್ಟಾಗಿ ಒದಗಿಬರುವುದಿಲ್ಲ.

ಮೊದಲು ಭತ್ಯೆಯ ವಿಚಾರ. ಇದಕ್ಕೆ ಕಾರ್ಮಿಕರ ಸಂಬಳದಿಂದ ಏನನ್ನೂ ಕಡಿಯುವುದಿಲ್ಲ, ಮಾಲೀಕರು ಕಟ್ಟುವ ತೆರಿಗೆಯಿಂದಲೇ ನಿಧಿ ತುಂಬುತ್ತದೆ. ಅರ್ಜಿ ಹಾಕುವ ಹೊತ್ತಿಗೆ ಮುಗಿದಿರುವ ಕೊನೆಯ ಐದು ತ್ರೈಮಾಸಿಕಗಳಲ್ಲಿ ಮೊದಲ ನಾಲ್ಕನ್ನು ತೆಗೆದುಕೊಂಡು, ಅವುಗಳಲ್ಲಿ ಅತಿ ಹೆಚ್ಚು ಗಳಿಸಿದ ತ್ರೈಮಾಸಿಕದ ಇಪ್ಪತ್ತೈದನೇ ಒಂದು ಭಾಗವನ್ನು ವಾರದ ಭತ್ಯೆಯಾಗಿ ಕೊಡುತ್ತಾರೆ. ಆ ಮೂರು ತಿಂಗಳಲ್ಲಿ 10,000 ಡಾಲರ್ ಗಳಿಸಿದ್ದವರಿಗೆ ವಾರಕ್ಕೆ 400 ಡಾಲರ್ ಸಿಗುತ್ತದೆ. ಸಾಮಾನ್ಯ ಕಾಲದಲ್ಲಿ ಹೆಚ್ಚೆಂದರೆ 26 ವಾರ ಸಿಗುತ್ತದೆ, ಮೇಲ್ಮಿತಿಯೂ ಉಂಟು. 2020ರ ವಸಂತದಲ್ಲಿ ಆ ಮಿತಿ ವಾರಕ್ಕೆ 469 ಡಾಲರ್ ಆಗಿತ್ತು. ಅತಿ ಹೆಚ್ಚು ಗಳಿಕೆಯ ತ್ರೈಮಾಸಿಕವನ್ನೇ ಆಧಾರವಾಗಿ ಹಿಡಿಯುವುದು ಪ್ರವಾಸೋದ್ಯಮದ ಏರಿಳಿತ ಬಲ್ಲವರಿಗೆ ದೊಡ್ಡ ಅನುಕೂಲ. ಜನ ಕಡಿಮೆ ಬಂದ ತಿಂಗಳುಗಳ ಬಡಕಲು ಸಂಬಳ ಈ ಲೆಕ್ಕವನ್ನು ಕೆಳಗೆಳೆಯುವುದಿಲ್ಲ.

ತೊಡಕು ಇರುವುದು ಟಿಪ್ಸ್‌ನಲ್ಲಿ. ಮಾಲೀಕರಿಗೆ ತಿಳಿಸಿದ ಟಿಪ್ಸ್ ಮಾತ್ರ ಸಂಬಳವೆಂದು ಲೆಕ್ಕಕ್ಕೆ ಬರುತ್ತದೆ. ಕ್ಯಾಸಿನೊದಲ್ಲಿ ಇಸ್ಪೀಟು ಹಂಚುವ ಡೀಲರ್‌ಗಳ ಟಿಪ್ಸನ್ನು ಸಾಮಾನ್ಯವಾಗಿ ಒಟ್ಟುಮಾಡಿ ಪಾಲು ಹಾಕುವುದರಿಂದ ಅದು ದಾಖಲೆಗೆ ಸೇರುತ್ತದೆ. ಆದರೆ ಹಾಸಿಗೆಯ ಪಕ್ಕ ಇಟ್ಟುಹೋದ ಐದು ಡಾಲರಿನ ನೋಟು, ಸೂಟ್‌ಕೇಸ್ ಎತ್ತಿಕೊಟ್ಟಾಗ ಅಂಗೈಗೆ ತುರುಕಿದ ಚಿಲ್ಲರೆ, ಇವು ನೇರವಾಗಿ ಜೇಬಿಗೆ ಹೋಗುವ ದುಡ್ಡು. ಮೇಲೆ ಹೇಳಿದ 10,000 ಡಾಲರ್‌ಗಳಲ್ಲಿ 3,000 ಇಂಥ ತಿಳಿಸದ ಟಿಪ್ಸ್ ಎಂದಿಟ್ಟುಕೊಂಡರೆ, ಲೆಕ್ಕಕ್ಕೆ ಸಿಗುವುದು 7,000 ಮಾತ್ರ, ಭತ್ಯೆ 280ಕ್ಕೆ ಇಳಿಯುತ್ತದೆ. ತೆರಿಗೆ ಉಳಿಯಿತೆಂದು ಅಂದು ಸಮಾಧಾನಪಟ್ಟವರು ಕೆಲಸ ಹೋದ ಮೇಲೆ ವಾರಕ್ಕೆ 120 ಡಾಲರ್ ಕಳೆದುಕೊಳ್ಳುತ್ತಾರೆ. ಟಿಪ್ಸ್ ತಿಳಿಸುವುದೆಂದರೆ ತೆರಿಗೆಯ ಕಿರಿಕಿರಿ ಎಂದಷ್ಟೇ ಬಗೆಯುವ ಜನರಿಗೆ ಅದು ವಿಮೆಯ ಕಂತಿನ ಹಾಗೆಯೂ ಹೌದು ಎಂಬುದನ್ನು ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಡಬೇಕಿತ್ತು. ಈ ಸೇವೆಯಲ್ಲಿ ನನಗೆ ಕಾಣುವ ಅತಿ ದೊಡ್ಡ ಲೋಪ ಇದೇ.

ಇನ್ನೊಂದು ನಿಯಮ ಮಾತ್ರ ಮೆಚ್ಚುವಂಥದ್ದು. ಭಾನುವಾರದಿಂದ ಶನಿವಾರದವರೆಗಿನ ಪ್ರತಿ ವಾರಕ್ಕೂ ಬೇರೆಬೇರೆಯಾಗಿ ಕ್ಲೇಮ್ ಸಲ್ಲಿಸಬೇಕು. ಆ ವಾರ ದುಡಿಯಲು ಶಕ್ತರಿದ್ದೀರಾ, ಕೆಲಸ ಹುಡುಕಿದಿರಾ, ಏನಾದರೂ ಗಳಿಸಿದಿರಾ ಎಂಬ ಪ್ರಶ್ನೆಗಳಿಗೆ ಉತ್ತರಿಸಬೇಕು. ಗಳಿಸಿದ್ದರೆ ಆ ಮೊತ್ತದ ಮುಕ್ಕಾಲು ಭಾಗವನ್ನು ಮಾತ್ರ ಭತ್ಯೆಯಿಂದ ಕಳೆಯುತ್ತಾರೆ. 400 ಡಾಲರ್ ಭತ್ಯೆಯಿರುವವರು ಔತಣಕೂಟವೊಂದರಲ್ಲಿ ಎರಡು ದಿನ ಬಡಿಸಿ 200 ಡಾಲರ್ ಗಳಿಸಿದರೆ, 150 ಕಳೆದು 250 ಉಳಿಯುತ್ತದೆ; ಎರಡೂ ಸೇರಿ 450. ದುಡಿದವರ ಕೈಗೆ ಮನೆಯಲ್ಲಿ ಕುಳಿತವರಿಗಿಂತ ಐವತ್ತು ಡಾಲರ್ ಹೆಚ್ಚು ಸಿಕ್ಕಂತಾಯಿತು. ಇದೇನು ಮಹಾ ಮೊತ್ತವಲ್ಲ, ನಿಜ. ಆದರೂ ಕರೆದಾಗ ಹೋಗಿ ದುಡಿಯುವ ಔತಣಕೂಟದ ಕೆಲಸಗಾರರಿಗೆ ಈ ನಿಯಮ ಹೇಳಿ ಮಾಡಿಸಿದ ಹಾಗಿದೆ. ಗಳಿಕೆಯನ್ನು ಬರೆಯಬೇಕಾದದ್ದು ಹಣ ಕೈಸೇರಿದ ವಾರದಲ್ಲಲ್ಲ, ದುಡಿದ ವಾರದಲ್ಲಿ. ಇಲ್ಲಿ ತಪ್ಪಿದರೆ ಪಡೆದದ್ದನ್ನು ಹಿಂದಿರುಗಿಸಬೇಕಾಗಬಹುದು.

ಯಾವುದೇ ಸೇವೆಯ ನಿಜವಾದ ಪರೀಕ್ಷೆ ಎಲ್ಲರೂ ಒಟ್ಟಿಗೆ ಬಾಗಿಲು ತಟ್ಟಿದ ದಿನ ನಡೆಯುತ್ತದೆ. ಕೋವಿಡ್ ಹರಡಿದಾಗ, 2020ರ ಮಾರ್ಚ್ 17ರಂದು, ಆಗಿನ ರಾಜ್ಯಪಾಲ ಸ್ಟೀವ್ ಸಿಸೊಲಾಕ್ ಕ್ಯಾಸಿನೊಗಳನ್ನು ಮುಚ್ಚಲು ಆದೇಶಿಸಿದರು. ಅವು ತೆರೆದದ್ದು ಜೂನ್ 4ರಂದು. ಏಪ್ರಿಲ್‌ನಲ್ಲಿ ರಾಜ್ಯದ ನಿರುದ್ಯೋಗ ದರ ಶೇ. 28ನ್ನು ದಾಟಿತು, ಆ ತಿಂಗಳು ಅಮೆರಿಕದ ಬೇರಾವ ರಾಜ್ಯದಲ್ಲೂ ಅಷ್ಟಿರಲಿಲ್ಲ. ಒಕ್ಕೂಟ ಸರ್ಕಾರ ವಾರಕ್ಕೆ 600 ಡಾಲರ್ ಹೆಚ್ಚುವರಿಯಾಗಿ ಕೊಟ್ಟದ್ದು ಅನೇಕರ ಒಲೆಯನ್ನು ಉರಿಸಿತು. ಆದರೆ ಹಣ ಮಂಜೂರಾಗುವುದು ಬೇರೆ, ಕೈಗೆ ಬರುವುದು ಬೇರೆ. ದೂರವಾಣಿ ಮಾರ್ಗಗಳು ಕಿಕ್ಕಿರಿದವು. ಬಾಡಿಗೆ ಕಾರು ಓಡಿಸುವವರು, ಸ್ವತಂತ್ರವಾಗಿ ದುಡಿಯುವ ಕಲಾವಿದರು ಮುಂತಾದವರಿಗೆಂದು ಮಾರ್ಚ್ ಕೊನೆಯಲ್ಲಿ ಕಾನೂನಾದ ವಿಶೇಷ ನೆರವಿಗೆ ಇಲ್ಲಿ ಅರ್ಜಿ ಸ್ವೀಕಾರ ಶುರುವಾಗುವ ಹೊತ್ತಿಗೆ ಮೇ ತಿಂಗಳ ನಡುಭಾಗ ಬಂದಿತ್ತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಆಗಸ್ಟ್‌ನಲ್ಲಿ ವಿಧಾನಸಭೆಯ ಮಾಜಿ ಸ್ಪೀಕರ್ ಬಾರ್ಬರಾ ಬಕ್ಲಿ ಅವರ ಮುಂದಾಳತ್ವದಲ್ಲಿ, ಬಾಕಿ ಬಿದ್ದ ಅರ್ಜಿಗಳನ್ನು ಬಿಡಿಸಲು ಒಂದು ತುರ್ತು ತಂಡವನ್ನೇ ಕಟ್ಟಬೇಕಾಯಿತು. ಸಿಬ್ಬಂದಿಯ ಮೇಲಷ್ಟೇ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. 2008ರ ಬಳಿಕದ ಕುಸಿತದಲ್ಲೂ ಇದೇ ರಾಜ್ಯದ ವಿಮಾ ನಿಧಿ ಬರಿದಾಗಿ, ಒಕ್ಕೂಟ ಸರ್ಕಾರದಿಂದ ಸಾಲ ತಂದಿತ್ತು. ಆಮೇಲೆ ನಿಧಿಯನ್ನು ಮತ್ತೆ ತುಂಬಿದರಾದರೂ ಅರ್ಜಿಗಳನ್ನು ಹೊರುವ ವ್ಯವಸ್ಥೆಯನ್ನು ಆ ಪ್ರಮಾಣಕ್ಕೆ ಬಲಪಡಿಸಲಿಲ್ಲ.

ಇನ್ನು ತರಬೇತಿ. ಇಲ್ಲಿ ಎದ್ದು ಕಾಣುವುದು ಸರ್ಕಾರದ್ದಲ್ಲದ ಸಂಸ್ಥೆಯೊಂದು ಎಂಬುದು ಸ್ವಾರಸ್ಯದ ಸಂಗತಿ. ಅಡುಗೆ ಕಾರ್ಮಿಕರ ಸಂಘ ಲೋಕಲ್ 226, ಬಾರ್‌ಟೆಂಡರ್‌ಗಳ ಸಂಘ ಲೋಕಲ್ 165 ಮತ್ತು ಹೋಟೆಲ್ ಮಾಲೀಕರು ಕೂಡಿ 1993ರಲ್ಲಿ ಕಟ್ಟಿದ ಕಲಿನರಿ ಅಕಾಡೆಮಿ ಆಫ್ ಲಾಸ್ ವೇಗಸ್‌ನಲ್ಲಿ ಕೊಠಡಿ ಸಿದ್ಧಪಡಿಸುವುದು, ಬಡಿಸುವುದು, ಅಡುಗೆಮನೆಯ ಕೈಕೆಲಸ, ಬಾರ್ ಕೆಲಸ ಎಲ್ಲವನ್ನೂ ಕಲಿಸುತ್ತಾರೆ. ಹಾಸಿಗೆ, ಸ್ನಾನದ ಮನೆ ಸಮೇತ ಹೋಟೆಲಿನಂತೆಯೇ ಸಜ್ಜಾದ ಮಾದರಿ ಕೊಠಡಿಗಳಲ್ಲಿ, ಹೊದಿಕೆಯ ಮೂಲೆ ಮಡಿಸಿ ಹಾಸಿಗೆಯಡಿಗೆ ಸೇರಿಸುವುದರಿಂದ ಪಾಠ ಸಾಗುತ್ತದೆ. ಯಾವ ಹೋಟೆಲಿಗೆ ಎಂಥ ಜನ ಬೇಕೆಂಬುದು ಮಾಲೀಕರೂ ಕಾರ್ಮಿಕರೂ ಒಂದೇ ಮೇಜಿನಲ್ಲಿ ಕೂರುವ ಕಡೆ ತಾನಾಗಿ ತಿಳಿಯುತ್ತದೆ. ಹೀಗಾಗಿ ಇಲ್ಲಿ ಕಲಿಸುವುದಕ್ಕೂ ಹೊರಗೆ ಸಿಗುವ ಕೆಲಸಕ್ಕೂ ನಡುವೆ ಅಂತರ ಕಡಿಮೆ. ಪಾತ್ರೆ ತೊಳೆಯುವವರು ಅಡುಗೆಯವರಾಗಿ ಮೇಲೇರಲು ಇದು ಒಳ್ಳೆಯ ಮೆಟ್ಟಿಲು. ಪ್ರವಾಸೋದ್ಯಮವೇ ಮುಚ್ಚಿದಾಗ ಮಾತ್ರ ಆ ಮೆಟ್ಟಿಲು ಹತ್ತಿದವರೂ ಉಳಿದವರ ಜೊತೆಗೇ ಮನೆಯಲ್ಲಿ ಕೂರುತ್ತಾರೆ.

ಬೇರೆ ವೃತ್ತಿಗೆ ಹೊರಳುವವರಿಗೂ ಹಣದ ದಾರಿಗಳಿವೆ. ವಿಮೆಯ ತೆರಿಗೆಯ ಜೊತೆಗೆ ಮಾಲೀಕರು ತೆರಿಗೆಗೊಳಪಡುವ ಸಂಬಳದ ಶೇ. 0.05ರಷ್ಟನ್ನು ವೃತ್ತಿ ಸುಧಾರಣೆಯ ನಿಧಿಗೆ ಕಟ್ಟುತ್ತಾರೆ, ಅಲ್ಪಾವಧಿ ಕೋರ್ಸುಗಳಿಗೆ ಅದರಿಂದ ನೆರವು ಸಿಗುತ್ತದೆ. ಒಕ್ಕೂಟ ಸರ್ಕಾರದ 2014ರ ಉದ್ಯೋಗ-ತರಬೇತಿ ಕಾಯ್ದೆಯಡಿ ಬರುವ ತರಬೇತಿ ಹಣವನ್ನು ಸ್ಥಳೀಯ ಉದ್ಯೋಗ ಕೇಂದ್ರಗಳ ಮೂಲಕ ಹಂಚುತ್ತಾರೆ, ಇವುಗಳಲ್ಲಿ ಕೆಲವು ಸಾರ್ವಜನಿಕ ಗ್ರಂಥಾಲಯಗಳಲ್ಲೇ ಇರುವುದು ಒಳ್ಳೆಯ ಏರ್ಪಾಡು. ಆದರೆ ರಾಜ್ಯ ಹೆಮ್ಮೆಯಿಂದ ತೋರಿಸುವ ಹೊಸ ಕಾರ್ಖಾನೆಗಳಲ್ಲಿ ಹೆಸರಾಂತದ್ದಾದ ಟೆಸ್ಲಾದ ಬ್ಯಾಟರಿ ಕಾರ್ಖಾನೆ ಉತ್ತರದಲ್ಲಿ, ರೀನೊ ಹತ್ತಿರ ಇದೆ. ಕೆಲಸ ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ದಕ್ಷಿಣದ ಲಾಸ್ ವೇಗಸ್ಸಿನವರು. ನಡುವಿನ ಸುಮಾರು 700 ಕಿಲೋಮೀಟರ್ ಮರುಭೂಮಿಯನ್ನು ಯಾವ ಕೋರ್ಸೂ ದಾಟಿಸಲಾರದು. ಮಕ್ಕಳ ಶಾಲೆ, ಮನೆಯ ಸಾಲ, ಸಂಗಾತಿಯ ಕೆಲಸ ಎಲ್ಲವನ್ನೂ ಬಿಟ್ಟು ಊರು ಬದಲಿಸಲು ತಯಾರಿರುವವರು ಎಷ್ಟು ಮಂದಿ?

ಅಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ ಎರಡು ಮಾತು. ಭತ್ಯೆ ಪಡೆಯಲು ಪೌರತ್ವ ಬೇಕಿಲ್ಲ, ಆದರೆ ಗಳಿಸಿದ ಕಾಲದಲ್ಲೂ ಕ್ಲೇಮ್ ಹಾಕುವ ಕಾಲದಲ್ಲೂ ದುಡಿಯುವ ಪರವಾನಗಿ ಇರಬೇಕು. ಒಬ್ಬ ಮಾಲೀಕನಿಗೆ ಕಟ್ಟುಬಿದ್ದ ವೀಸಾದವರಿಗೆ ಈ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ. ಕೋರ್ಸಿಗೆ ಸೇರುವವರು ಮೊದಲ ತರಗತಿಗೆ ಮುಂಚೆಯೇ ಅದಕ್ಕೆ ರಾಜ್ಯದ ಅನುಮೋದನೆ ಪಡೆದು, ಅದನ್ನು ಬರಹದಲ್ಲಿ ಇಟ್ಟುಕೊಳ್ಳುವುದು ಲೇಸು. ಅನುಮೋದಿತ ತರಬೇತಿಯಲ್ಲಿರುವವರಿಗೆ, ಕೆಲಸ ಹುಡುಕಲಿಲ್ಲವೆಂಬ ಕಾರಣಕ್ಕೆ ಭತ್ಯೆ ನಿಲ್ಲಿಸುವಂತಿಲ್ಲ. ಅನುಮೋದನೆಯಿಲ್ಲದ ಕೋರ್ಸಿನಲ್ಲಿ ಹಗಲು ಕಳೆಯುವವರನ್ನು ಕೆಲಸಕ್ಕೆ ಸಿಗದವರೆಂದು ಬಗೆದು ಆ ವಾರಗಳ ಹಣವನ್ನು ತಡೆಹಿಡಿಯಬಹುದು.